ಸತ್ತ ಕುದುರೆಯ ಬಾಲಕ್ಕೂ ಪೂರ್ತಿ ಬೆಲೆ: ಗೆಳೆಯನಿಗೊಂದು ಪತ್ರ

ಪ್ರಿಯ ಸತೀಶ,

ನಿನ್ನ ಕುದುರೆ ವ್ಯಾಪಾರಿಯನ್ನು ಭಟ್ಕಳದ ಬಂದರಿನಲ್ಲಿ ನಿಲ್ಲಿಸಿ ನಾನು ಮಾಯವಾಗಿದ್ದೇನೆ ಅಂತ ಬೈದುಕೊಂಡಿರುತ್ತೀಯ. ಇಬ್ಬರೂ ಪತ್ರದಲ್ಲಿ ಒಂದೊಂದು ಕಂತು ಬರೆಯುವ ನಮ್ಮ ಕತೆಯಾಟದಲ್ಲಿ ಈಗ ಸರದಿ ನನ್ನದು, ಗೊತ್ತು. ನೀನು ಒಂದು ಪಾತ್ರ ಹಾಕುವುದು, ಉಳಿದ ಊರಿಗೆಲ್ಲ ನಾನು ಪಾತ್ರ ಹಾಕುವುದು ಅಂತ ಮಾತಾಗಿತ್ತಲ್ಲ. ಆ ಊರು ವಿಜಯನಗರ, ಕಾಲ 1520 ಅಂದಮೇಲೆ ಸುಮ್ನೆ ಬಾಯಿಗೆ ಬಂದದ್ದು ಬರೆಯಲು ಮನಸ್ಸು ಬರಲಿಲ್ಲ. ಓದುತ್ತಾ ಕೂತೆ. ಒಂದು ಇನ್ನೊಂದಕ್ಕೆ ಎಳೆಯಿತು.

ಈ ಓದಿನ ಅರ್ಧ ಭಾಗ ಇಬ್ಬರು ಪೋರ್ಚುಗೀಸರದ್ದು. ಡೊಮಿಂಗೊ ಪಾಯೆಸ್ ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು. ಫೆರ್ನಾವೊ ನೂನಿಜ್ ಬಂದದ್ದು ಅಚ್ಯುತರಾಯನ ಕಾಲಕ್ಕೆ, 1535ರ ಹೊತ್ತಿಗೆ. ಇಬ್ಬರ ಬರಹವನ್ನೂ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ನಿನಗೆ ಖುಷಿಯಾಗುವ ಸಂಗತಿ ಏನೆಂದರೆ, ಈ ನೂನಿಜ್ ಕೂಡ ಕುದುರೆ ವ್ಯಾಪಾರಿಯೇ. ಹಾಗಾಗಿ ಕುದುರೆ ವಿಷಯ ಬಂದಾಗ ಅವನ ಬರಹದಲ್ಲಿ ಒಂದು ಬಗೆಯ ಕಾಳಜಿ, ಸ್ವಲ್ಪ ಹೊಟ್ಟೆಕಿಚ್ಚು ಎರಡೂ ಕಾಣುತ್ತವೆ.

ಹೊಟ್ಟೆಕಿಚ್ಚು ಯಾಕೆ ಅಂತೀಯ? ಸಾಳುವ ನರಸಿಂಹನ ಕಾಲದ ಕತೆ ಹೇಳುತ್ತಾನೆ ಕೇಳು. ಹೋರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಕುದುರೆ ತರಿಸುತ್ತಿದ್ದ ಆ ರಾಜ, ವ್ಯಾಪಾರಿಗಳು ಕೇಳಿದ ಬೆಲೆ ಕೊಡುತ್ತಿದ್ದನಂತೆ. ಸಾವಿರ ವರಹಕ್ಕೆ ಮೂರು ಕುದುರೆ. ಬದುಕಿದ್ದರೂ ಅದೇ ಬೆಲೆ, ಸತ್ತಿದ್ದರೂ ಅದೇ ಬೆಲೆ. ಸಮುದ್ರದ ಮೇಲೆ ಸತ್ತ ಕುದುರೆಯ ಬಾಲ ಮಾತ್ರ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ದುಡ್ಡು ಕೈಗೆ.

ಇದನ್ನು ಓದಿದ ಮೇಲೆ ನನಗೆ ಆ ರಾತ್ರಿ ಬೇರೆ ಕೆಲಸ ಸಾಗಲಿಲ್ಲ ಮಾರಾಯ. ಯೋಚನೆ ಮಾಡು. ರಾಜನ ಲೆಕ್ಕದಲ್ಲಿ ಇದು ಹುಚ್ಚಲ್ಲ. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಯುವುದು ಕಷ್ಟ. ಉತ್ತರದ ಸುಲ್ತಾನರ ಸವಾರರ ಎದುರು ನಿಲ್ಲಬೇಕಾದರೆ ಕುದುರೆ ಬೇಕೇ ಬೇಕು. ಹಡಗಿನಲ್ಲಿ ಕುದುರೆ ಸಾಯುವ ಭಯಕ್ಕೆ ವ್ಯಾಪಾರಿ ಬೇರೆ ದಾರಿ ಹಿಡಿದರೆ ರಾಜ್ಯಕ್ಕೇ ಕುತ್ತು. ಆದ್ದರಿಂದ ಆ ನಷ್ಟವನ್ನು ರಾಜನೇ ಹೊತ್ತುಕೊಂಡ. ಈಗಿನವರು ಇದನ್ನು ವಿಮೆ ಅನ್ನುತ್ತಾರೆ. ಆದರೆ ಬಾಲ ಎಣಿಸುವ ಗುಮಾಸ್ತನ ಕಡೆಯಿಂದ ನೋಡು. ಬಂದ ಬಾಲ ಅರಬ್ಬಿ ಕುದುರೆಯದೋ, ಭಟ್ಕಳದ ಹಿತ್ತಲಲ್ಲಿ ಸತ್ತ ತಟ್ಟುವಿನದೋ, ಅವನು ಹೇಗೆ ಹೇಳಬೇಕು? ಈ ಅನುಮಾನ ನೂನಿಜ್‌ನದಲ್ಲ, ನನ್ನದು. ನಿನ್ನ ವ್ಯಾಪಾರಿಯ ಅಪ್ಪ ಆ ಕಾಲದವನು, ಅಲ್ವಾ? ಮನೆಯ ಆಸ್ತಿ ಎಲ್ಲಿಂದ ಬಂತು ಅಂತ ಮಗ ಯಾವತ್ತೂ ಕೇಳಿಲ್ಲ ಅಂತ ಇಟ್ಟುಕೊಳ್ಳೋಣ.

ಇದಕ್ಕೆ ಜೋಡಿಯಾಗಿ ಇನ್ನೊಂದಿದೆ. ಇದು ವಿಜಯನಗರದ್ದಲ್ಲ, ಅದಕ್ಕಿಂತ ಇನ್ನೂರು ವರ್ಷ ಹಿಂದಿನದು, ತಮಿಳು ಕರಾವಳಿಯದು. ಅಲ್ಲಿ ಕುದುರೆಗಳಿಗೆ ಅನ್ನದ ಜೊತೆ ಬೇಯಿಸಿದ ಮಾಂಸ ಹಾಕುತ್ತಾರೆ ಅಂತ ಮಾರ್ಕೊ ಪೋಲೊ ಬೆರಗಾಗಿ ಬರೆಯುತ್ತಾನೆ. ಲಾಳ ಕಟ್ಟುವವರು ಆ ಸೀಮೆಯಲ್ಲಿ ಇಲ್ಲವಂತೆ. ಕುದುರೆ ತರುವ ವ್ಯಾಪಾರಿಗಳು ಅಂಥವರನ್ನು ಬೇಕೆಂದೇ ಕರೆತರುವುದಿಲ್ಲ, ಬರಲೂ ಬಿಡುವುದಿಲ್ಲ. ಕುದುರೆ ಬೇಗ ಸತ್ತರೆ ತಾನೇ ಮುಂದಿನ ವರ್ಷ ಮತ್ತೆ ಮಾರಾಟ! ಪೋಲೊ ಎಲ್ಲವನ್ನೂ ಸ್ವಲ್ಪ ಉಬ್ಬಿಸಿ ಹೇಳುವವನು, ಆದರೂ ಈ ಮಾತಿಗೆ ಸಂತೆಯ ವಾಸನೆ ಇದೆ.

ಓದುತ್ತಾ ಹೋದಂತೆ ನಾನು ಏನನ್ನು ಹುಡುಕುತ್ತಿದ್ದೇನೆ ಅಂತ ನನಗೇ ನಿಧಾನಕ್ಕೆ ತಿಳಿಯಿತು. ವಿಚಿತ್ರ ಸಂಗತಿಗಳು ರಾಶಿ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಊಟದ ಹೊತ್ತಿನ ಮಾತಿಗೆ ಸರಿ, ಕತೆಗೆ ಬರುವುದಿಲ್ಲ. ಹಂಪಿಯ ಕೋಟೆ ಎಷ್ಟು ಸುತ್ತು, ಅರಮನೆಗೆ ಎಷ್ಟು ಕಂಬ, ಇದೆಲ್ಲ ತಿಳಿದು ನಿನ್ನ ವ್ಯಾಪಾರಿ ಏನು ಮಾಡುತ್ತಾನೆ? ತಲೆಯೆತ್ತಿ ನೋಡುತ್ತಾನೆ, ಅಷ್ಟೇ. ಯಾರಿಗಾದರೂ ತಲೆನೋವು ತರುವ ಸಂಗತಿ ಬೇಕು ನನಗೆ. ಅದು ಸಿಕ್ಕಿತೋ, ಆ ತಲೆನೋವಿನ ಹಿಂದೆಯೇ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಾನೆ.

ಆನೆ ಲಾಯದ ಮಾವುತ ನನಗೆ ಸಿಕ್ಕಿದ್ದು ಹಾಗೆ. 1443ರಲ್ಲಿ ಎರಡನೇ ದೇವರಾಯನ ಆಸ್ಥಾನಕ್ಕೆ ಹೆರಾತ್‌ನಿಂದ ಅಬ್ದುಲ್ ರಜಾಕ್ ಬಂದಿದ್ದ, ತೈಮೂರನ ಮಗ ಶಾರುಖ್‌ನ ರಾಯಭಾರಿಯಾಗಿ. ಅರಮನೆಯ ಆನೆಗಳಿಗೆ ದಿನಕ್ಕೆರಡು ಹೊತ್ತು ಕಿಚಡಿ ಉಣಿಸುವುದನ್ನು ಅವನು ಕಂಡ. ಕೊಪ್ಪರಿಗೆಯಿಂದ ಕಿಚಡಿ ತೆಗೆದು, ಉಪ್ಪು ಹಾಕಿ, ಮೇಲೆ ಸಕ್ಕರೆ ಉದುರಿಸಿ, ತಲಾ ಎರಡು ಮಣದ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಆನೆಯ ಬಾಯಿಗಿಡುವುದು. ಇಷ್ಟರವರೆಗೆ ಬರೀ ಚಂದದ ಚಿತ್ರ. ಮುಂದಿನ ಮಾತು ನೋಡು. ಇದರಲ್ಲಿ ಒಂದು ಪದಾರ್ಥ ಬಿಟ್ಟುಹೋದರೂ ಆನೆ ಉಣಿಸುವವನ ಮೇಲೆ ಬೀಳುತ್ತದೆ. ಜೊತೆಗೆ ರಾಜನೂ ಅವನಿಗೆ ಕಠಿಣ ಶಿಕ್ಷೆ ಕೊಡುತ್ತಾನೆ!

ಅಂದರೆ ಉಗ್ರಾಣದವನು ಸಕ್ಕರೆ ಕದ್ದರೆ ಸಾಯುವುದು ಮಾವುತ. ಕಳ್ಳತನ ಮಾಡಿದವನು ಆನೆಯ ಹತ್ತಿರಕ್ಕೂ ಬರುವುದಿಲ್ಲ. ಅರಮನೆ ರಾಜಕೀಯ ಬರೆಯಬೇಕು ಅಂತ ಮಂತ್ರಿಗಳ ಪಿಸುಮಾತು, ವಿಷದ ಬಟ್ಟಲು ಅಂತ ಏನೇನೋ ಹೊಂಚುತ್ತೇವೆ. ಒಂದು ಹಿಡಿ ಸಕ್ಕರೆಯಲ್ಲಿ ಎಲ್ಲ ಇದೆ. ಈ ಮಾವುತನನ್ನು ನಾನು ನಮ್ಮ ಆಟಕ್ಕೆ ತಂದಾಗಿದೆ. ಹೆಸರು ನೀನೇ ಇಡು.

ಇನ್ನು ಕೃಷ್ಣದೇವರಾಯ. ಸಿನಿಮಾದ ರಾಯನನ್ನು ತಲೆಯಿಂದ ತೆಗೆದುಬಿಡು. ಪಾಯೆಸ್ ಕಣ್ಣಾರೆ ಕಂಡ ರಾಯ ಮಧ್ಯಮ ಎತ್ತರದವನು, ಬಿಳಿ ಮೈಬಣ್ಣ, ತೆಳ್ಳಗೆ ಅನ್ನುವುದಕ್ಕಿಂತ ಸ್ವಲ್ಪ ದಪ್ಪ ಅನ್ನಬಹುದಾದ ಮೈಕಟ್ಟು. ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಎಷ್ಟು? ಸೀವೆಲ್ ಕೊಟ್ಟ ಅಳತೆಯಲ್ಲಿ ಮುಕ್ಕಾಲು ಪಿಂಟ್, ನಮ್ಮ ಲೆಕ್ಕಕ್ಕೆ 400 ಮಿಲಿಲೀಟರಿಗೂ ಜಾಸ್ತಿ. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಕಟ್ಟಿ, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ವರಸೆ. ಆಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ. ಆಮೇಲೆ ಬಯಲಲ್ಲಿ ಕುದುರೆ ಓಡಿಸುವುದು, ಬೆಳಕು ಹರಿಯುವವರೆಗೆ.

ಎಲ್ಲರೂ ಆ ಎಣ್ಣೆಯ ಬಗ್ಗೆಯೇ ಮಾತಾಡುತ್ತಾರೆ. ನನ್ನ ತಲೆ ತುಂಬ ಆ ಜಟ್ಟಿ. ದಿನಾ ಕತ್ತಲಲ್ಲಿ ಎದ್ದು ಬಂದು ರಾಜನ ಜೊತೆ ಸೆಣಸಬೇಕು. ಗೆದ್ದರೆ ಏನು ಗತಿ? ಬೇಕೆಂದು ಸೋತದ್ದು ರಾಜನಿಗೆ ಗೊತ್ತಾದರೆ? ರಾಯ ನಿಜವಾಗಿ ಬಲವಿದ್ದವನು, ಹುಸಿ ಪಟ್ಟು ಯಾವುದು ಅಂತ ಅವನ ಮೈಗೇ ತಿಳಿಯುತ್ತದೆ. ಊರಿನ ಜನ ರಾಜನನ್ನು ದೂರದಿಂದ ನೋಡುತ್ತಾರೆ. ಇವನಿಗೆ ರಾಜನ ಉಸಿರು ಯಾವತ್ತು ಬೇಗ ಏರುತ್ತದೆ ಎನ್ನುವುದೂ ಗೊತ್ತು. ಬಿಜಾಪುರದ ಗೂಢಚಾರ ಮೊದಲು ಕೊಳ್ಳಬೇಕಾದವನು ಇವನೇ ಅಲ್ವಾ?

ಅಚ್ಯುತರಾಯನ ಬಗ್ಗೆ ನೂನಿಜ್ ಹೇಳುವುದು ಇನ್ನೂ ವಿಚಿತ್ರ. ಒಮ್ಮೆ ಉಟ್ಟ ಬಟ್ಟೆ ಮತ್ತೆ ಉಡುವುದಿಲ್ಲ. ಕಳಚಿದ್ದನ್ನು ಅದಕ್ಕೆಂದೇ ಇರುವ ಅಧಿಕಾರಿಗಳಿಗೆ ಒಪ್ಪಿಸುತ್ತಾನೆ, ಅವರು ಲೆಕ್ಕ ಇಡುತ್ತಾರೆ. ಯಾರಿಗೂ ಕೊಡುವಂತಿಲ್ಲ. ಒಂದು ಅಂಗಿ ಕಾಣೆಯಾದರೆ ಕತೆ ಶುರು.

ಊಟದ ಬಗ್ಗೆ ನೀನು ಕಳೆದ ಕಂತಿನಲ್ಲಿ ಬರೆದದ್ದರಲ್ಲಿ ಒಂದೆರಡು ತಿದ್ದಬೇಕು. ಹಂಪಿಯ ಬೀದಿಯಲ್ಲಿ ಮೆಣಸಿನಕಾಯಿ ಬಜ್ಜಿ ಬೇಡ. ಪೋರ್ಚುಗೀಸರು ಗೋವಾ ಹಿಡಿದದ್ದೇ 1510ರಲ್ಲಿ. ಅವರ ಜೊತೆ ಅಮೆರಿಕದಿಂದ ಬಂದ ಮೆಣಸಿನಕಾಯಿ ನಮ್ಮ ಅಡುಗೆಮನೆಯಲ್ಲಿ ಬೇರೂರಲು ಇನ್ನೂ ಕಾಲ ಬೇಕಿತ್ತು. ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಪಪಾಯಿ ಎಲ್ಲವೂ ಅಲ್ಲಿಯವೇ, ಎಲ್ಲವೂ ಆಮೇಲಿನವು. ಹೊಗೆಸೊಪ್ಪೂ ಹಾಗೆ, ಕಾವಲುಗಾರನ ಬಾಯಿಂದ ಬೀಡಿ ತೆಗೆ. ಖಾರ ಬೇಕಾದರೆ ಕರಿಮೆಣಸು, ಹಿಪ್ಪಲಿ, ಶುಂಠಿ ಇವೆ. ಬಾಯಿಗೆ ಎಲೆ ಅಡಿಕೆ ಇದೆ.

ಇಲ್ಲೇ ಒಂದು ಎಚ್ಚರಿಕೆ. ಸೋಮನಾಥಪುರದ ಹೊಯ್ಸಳ ಗುಡಿಯಲ್ಲಿ ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆ ಇದೆ, ಅಂದರೆ ಕೊಲಂಬಸ್‌ಗಿಂತ ಮುಂಚೆಯೇ ಅಮೆರಿಕದ ಜೋಳ ನಮ್ಮಲ್ಲಿತ್ತು ಅಂತ ಯಾರಾದರೂ ನಿನಗೆ ಕಳಿಸಿಯೇ ಕಳಿಸುತ್ತಾರೆ. 1989ರಲ್ಲಿ ಕಾರ್ಲ್ ಜೊಹಾನೆಸೆನ್ ಮತ್ತು ಆ್ಯನ್ ಪಾರ್ಕರ್ ಈ ವಾದ ಹೂಡಿದ್ದು ನಿಜ. 1993ರಲ್ಲಿ ಪಾಯಕ್ ಮತ್ತು ಸಚಾನ್ ಅದನ್ನು ಒಪ್ಪದೆ, ಅದು ಮುತ್ತು ಪೋಣಿಸಿದ ಮುಕ್ತಾಫಲ, ಜೋಳವಲ್ಲ ಅಂದರು. ನನಗೆ ಎರಡನೆಯವರ ಮಾತೇ ಸರಿ ಅನಿಸುತ್ತದೆ. ಗುಡಿಯಲ್ಲಿ ಕೆತ್ತುವಷ್ಟು ಜೋಳ ಬೆಳೆದಿದ್ದರೆ ಹೊಲದಲ್ಲಿ, ಶಾಸನದಲ್ಲಿ, ಅಡುಗೆಯಲ್ಲಿ ಎಲ್ಲಾದರೂ ಅದರ ಸುಳಿವು ಇರಬೇಡವೇ? ನಮ್ಮ ಕತೆಗೆ ಜೋಳ ತರಬೇಡ.

ನಿನ್ನ ವ್ಯಾಪಾರಿ ಲೆಕ್ಕ ಬರೆಯುವುದು ಯಾವುದರ ಮೇಲೆ ಅಂತ ಕೇಳಿದ್ದೆ. ರಜಾಕ್ ಎರಡು ಬಗೆ ಹೇಳುತ್ತಾನೆ. ಒಂದು ಓಲೆಗರಿ, ಕಬ್ಬಿಣದ ಕಂಟದಲ್ಲಿ ಗೀಚುವುದು. ಅದು ಹೆಚ್ಚು ದಿನ ಬಾಳುವುದಿಲ್ಲ ಅಂತ ಅವನ ಅಂಬೋಣ. ಇನ್ನೊಂದರಲ್ಲಿ ಬಿಳಿಯದನ್ನು ಕಪ್ಪು ಮಾಡಿ, ಮೆತ್ತನೆಯ ಕಲ್ಲಿನಲ್ಲಿ ಬೆಳ್ಳಗೆ ಬರೆಯುತ್ತಾರೆ. ಇದು ನಮ್ಮ ಕಡತವನ್ನೇ ಹೋಲುತ್ತದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿ ಇಟ್ಟುಕೊಂಡು, ಬಳಪದಲ್ಲಿ ಬರೆಯುವುದು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ ಒಂದಡಿ, ಉದ್ದ 12ರಿಂದ 18 ಅಡಿ. ಕಡತದ ಮುಖ್ಯ ಗುಣ ಏನು ಗೊತ್ತಾ? ಅಳಿಸಿ ಮತ್ತೆ ಬರೆಯಬಹುದು. ಓಲೆಯಲ್ಲಿ ಗೀಚಿದ್ದು ಗೀಚಿದ್ದೇ. ಸಾಲಪತ್ರ ಯಾವುದರ ಮೇಲಿದೆ ಎನ್ನುವುದರ ಮೇಲೆ ಇಡೀ ಪಂಚಾಯ್ತಿ ನಡೆಸಬಹುದು.

ಹೊತ್ತು ತಿಳಿಯುವುದು ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು, ನೀರಿನ ಮೇಲೆ ತೇಲಿಬಿಟ್ಟರೆ 24 ನಿಮಿಷಕ್ಕೆ ತುಂಬಿ ಮುಳುಗುತ್ತದೆ. ಒಂದು ಗಳಿಗೆ. ದಿನಕ್ಕೆ ಅರವತ್ತು ಸಲ. ರಾತ್ರಿಯಿಡೀ ಒಬ್ಬ ಕಣ್ಣು ಮುಚ್ಚದೆ ಕೂತಿರಬೇಕು. ಅವನಿಗೆ ಜೊಂಪು ಹತ್ತಿದರೆ ಊರಿಗೆ ಊರೇ ತಪ್ಪು ಮುಹೂರ್ತದಲ್ಲಿ ತಾಳಿ ಕಟ್ಟುತ್ತದೆ.

ನಮ್ಮ ಕಾಲಕ್ಕೆ ಹೊಂದದಿದ್ದರೂ ಆತಕೂರಿನ ನಾಯಿಯನ್ನು ಹೇಳದೆ ಇರಲಾರೆ. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಊರು, ಹತ್ತನೇ ಶತಮಾನ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲರತ ಎಂಬ ವೀರನಿಗೆ ಏನು ಬೇಕು ಕೇಳು ಅಂತ ಒಡೆಯ ಬೂತುಗ ಹೇಳಿದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಕಾಳಿ ಎಂಬ ಬೇಟೆನಾಯಿಯನ್ನು ಕೊಡಿ ಅಂದ. ಆಮೇಲೆ ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಗೊಂದು ಕಲ್ಲು ನಿಲ್ಲಿಸಿದರು, ಹೊಲ ಬಿಟ್ಟುಕೊಟ್ಟರು. ಆ ಹೊಲ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಹಸಿದು ಬಂದ ಗೊರವ, ನಾಯಿಗೆ ಪೂಜೆ ಮಾಡಿದ ಮೇಲೆಯೇ ಅನ್ನ. ಇದು ಬೇರೆಯದೇ ಕತೆ, ನನಗೆ ಇಟ್ಟುಕೊಂಡಿದ್ದೇನೆ, ನೀನು ಮುಟ್ಟಬೇಡ.

ಕೊನೆಗೆ ಬೇಕೆಂದೇ ಉಳಿಸಿಕೊಂಡದ್ದು ಇದು. ರಾಯಚೂರು ಯುದ್ಧ ಶುರುವಾದದ್ದಕ್ಕೆ ನೂನಿಜ್ ಕೊಡುವ ಕಾರಣ ಗೊತ್ತಾ? ಗೋವಾದಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ ತನ್ನಲ್ಲಿ ಬಹಳ ವರ್ಷ ಸೇವೆಗಿದ್ದವನ ಕೈಗೆ 40,000 ವರಹ ಕೊಟ್ಟು ಕಳಿಸಿದ. ನೂನಿಜ್ ಅವನನ್ನು ಸೀದೆ ಮರ್ಕರ್ ಅಂತ ಕರೆಯುತ್ತಾನೆ. ಅವನು ದುಡ್ಡಿನ ಸಮೇತ ಬಿಜಾಪುರದ ಸುಲ್ತಾನ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದ. ರಾಯ ಅವನನ್ನು ಒಪ್ಪಿಸು ಅಂದ. ಆದಿಲ್ ಶಾಹ ಒಪ್ಪಿಸಲಿಲ್ಲ. ಆಮೇಲೆ ನಡೆದದ್ದು ದಂಡಯಾತ್ರೆ. ರಾಯಚೂರನ್ನು ಪಡೆಯುವ ಹಂಬಲ ರಾಯನಿಗೆ ಮೊದಲೇ ಇತ್ತು, ಈ ಕಳ್ಳ ಒಂದು ನೆವವಾಗಿ ಒದಗಿದ ಅಷ್ಟೇ ಅಂತ ನನ್ನ ಗುಮಾನಿ. ಆ ದಂಡಿನ ಜೊತೆ ತೊಗಲಿನ ಚೀಲ ಹೊತ್ತ ನೀರಿನವರೇ ಹತ್ತು ಹನ್ನೆರಡು ಸಾವಿರ ಜನ ಇದ್ದರಂತೆ, ದಾರಿಯುದ್ದಕ್ಕೂ ನಿಂತು ಬಾಯಾರಿದವರಿಗೆ ನೀರು ಕೊಡಲು. ಬಿಡಾರದ ಬಜಾರು ಎಷ್ಟು ದೊಡ್ಡದೆಂದರೆ, ಗೊತ್ತಿಲ್ಲದವರು ನೋಡಿದರೆ ಯುದ್ಧ ಅನ್ನದೆ ಸಮೃದ್ಧ ಪಟ್ಟಣ ಅಂದುಕೊಳ್ಳಬೇಕು.

ಹಾಗಾಗಿ ನನ್ನ ಸರದಿ ಹೀಗೆ ಆಡುತ್ತೇನೆ. ಭಟ್ಕಳದಲ್ಲಿ ನಿನ್ನ ವ್ಯಾಪಾರಿಯ ಹತ್ತಿರ ಒಬ್ಬ ಬರುತ್ತಾನೆ. ಅರಮನೆಯ ಮುದ್ರೆ ಇದೆ, ಮಾತು ನಯ, ಕೈಯಲ್ಲಿ ದುಡ್ಡಿನ ಗಂಟು. ನಿನ್ನ ಕುದುರೆಗಳನ್ನೆಲ್ಲ ನಾನೇ ಕೊಳ್ಳುತ್ತೇನೆ, ಆದರೆ ಹಂಪಿಯ ದಾರಿ ಬೇಡ, ಗೋವಾ ಕಡೆಗೆ ಹೊಡೆಸು ಅನ್ನುತ್ತಾನೆ. ಅರ್ಧ ಹಣ ಮುಂಗಡ. ಅವನು ಯಾರು ಅಂತ ನಿನಗೆ ಗೊತ್ತು, ನಿನ್ನ ವ್ಯಾಪಾರಿಗೆ ಗೊತ್ತಿಲ್ಲ.

ಭಾನುವಾರದೊಳಗೆ ಉತ್ತರ ಬರೆ.

ನಿನ್ನ,
ಗಿರೀಶ