ಹೊರಗುತ್ತಿಗೆ ನೌಕರರ ಪಟ್ಟಿ ಗೋಡೆಗೆ ಹಾಕಿ

ಮಾನ್ಯರೇ,

545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ನೇಮಕಾತಿ ಅಕ್ರಮ ಬಯಲಿಗೆ ಬಂದದ್ದು ಅಲ್ಲಿ ಪರೀಕ್ಷೆ ಅಂತ ಒಂದು ಇದ್ದದ್ದರಿಂದ. ಓಎಂಆರ್ ಉತ್ತರ ಹಾಳೆ ಇತ್ತು, ಅಭ್ಯರ್ಥಿಯ ಬಳಿ ಅದರ ಕಾರ್ಬನ್ ಪ್ರತಿ ಇತ್ತು, ತಾಳೆ ಹಾಕಿದರು. 2022ರಲ್ಲಿ ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಜೈಲಿಗೆ ಹೋದರು. ಸರ್ಕಾರಿ ಕಚೇರಿಗಳಿಗೆ ಏಜೆನ್ಸಿ ಮೂಲಕ ಜನರನ್ನು ತೆಗೆದುಕೊಳ್ಳುವ, ಪರೀಕ್ಷೆಯೇ ಇಲ್ಲದ ಹೊರಗುತ್ತಿಗೆಯಲ್ಲಿ ಏನನ್ನು ತಾಳೆ ಹಾಕುವುದು?

ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಬೆಳಿಗ್ಗೆ ಹೊತ್ತು ಜನಪ್ರತಿನಿಧಿಗಳ ಮನೆ ಮುಂದೆ ನಿಂತು ನೋಡಿ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಿದ ಹುಡುಗರು, ಜೊತೆಗೆ ಊರಿನ ಒಬ್ಬ ಮುಖಂಡ. ಒಳಗೆ ಪಿಎ ಲೆಟರ್‌ಹೆಡ್ ಮೇಲೆ ಅದೇ ಎರಡು ಸಾಲು ಟೈಪ್ ಮಾಡುತ್ತಾನೆ: ‘ಸದರಿಯವರು ನಮ್ಮ ಕ್ಷೇತ್ರದವರಾಗಿದ್ದು, ಅವಕಾಶ ಕಲ್ಪಿಸಿಕೊಡಲು ಕೋರಿದೆ.’ ಕಾಗದ ಏಜೆನ್ಸಿಗೆ ಹೋಗುತ್ತದೆ. ಡೇಟಾ ಎಂಟ್ರಿ, ಡ್ರೈವರ್, ಡಿ ಗ್ರೂಪ್ ಕೆಲಸಗಳು ಹೀಗೇ ತುಂಬುತ್ತವೆ. ಪ್ರಕಟಣೆಯಿಲ್ಲ, ರ‍್ಯಾಂಕ್ ಪಟ್ಟಿಯಿಲ್ಲ.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಸಂಬಳದಲ್ಲಿ ಏಜೆನ್ಸಿ ಎಷ್ಟು ಮುರಿದುಕೊಳ್ಳುತ್ತದೆಂದು ಕೇಳುವ ಧೈರ್ಯ ಅವರಿಗಿಲ್ಲ. ಸಮಾವೇಶಕ್ಕೆ ಬಾ ಎಂದರೆ ರಜೆ ಹಾಕಿಯಾದರೂ ಹೋಗಬೇಕು. ಕಾಗದ ಕೊಟ್ಟವರು ಸೋತರೆ ಮುಂದಿನ ಟೆಂಡರ್‌ನಲ್ಲಿ ಇವರ ಹೆಸರು ಉಳಿಯುವ ಖಾತ್ರಿಯಿಲ್ಲ. ಕಾಯಂ ಆಗುವ ಆಸೆಯೂ ಬೇಡ. ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹಿಂಬಾಗಿಲಿನಿಂದ ಬಂದವರಿಗೆ ಕಾಯಮಾತಿಯ ಹಕ್ಕಿಲ್ಲ ಎಂದಿದೆ. ಹಿಂಬಾಗಿಲು ತೆರೆದವರಿಗೆ ಮಾತ್ರ ಏನೂ ಆಗಲಿಲ್ಲ.

ಸರ್ಕಾರಿ ಕೆಲಸ ಒಂದೇ ವರ್ಗದ ಪಾಲಾಗಬಾರದೆಂದು ನಾಲ್ವಡಿಯವರು 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದ ಸೀಮೆ ಇದು. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು 2024ರಲ್ಲಿ ಸರ್ಕಾರವೇ ಆದೇಶಿಸಿದೆ. ಸಂತೋಷ. ಆದರೆ ಪಟ್ಟಿಯೇ ಜನರ ಕಣ್ಣಿಗೆ ಬೀಳದಿದ್ದರೆ ಪಾಲಿಸಿದರೋ ಇಲ್ಲವೋ ನೋಡುವವರಾರು?

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ನೌಕರರ ಪಟ್ಟಿ, ತಿಂಗಳ ಸಂಬಳ ಎರಡನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ‘ಹೊರಗುತ್ತಿಗೆಯವರು ನಮ್ಮ ನೌಕರರಲ್ಲ’ ಎಂದು ಕಚೇರಿಗಳು ಜಾರಿಕೊಳ್ಳಬಹುದು. (ಕೆಲಸ ಮಾಡಿಸಿಕೊಳ್ಳುವಾಗ ಈ ನೆನಪು ಬರುವುದಿಲ್ಲ.) ಹಣವಂತೂ ಖಜಾನೆಯದೇ. ಮಂಡ್ಯ, ಮೈಸೂರು ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಮೊದಲು ತಮ್ಮ ಕಚೇರಿಯಿಂದಲೇ ಶುರು ಮಾಡಲಿ: ಹೆಸರು, ಏಜೆನ್ಸಿ, ಬಿಲ್ಲಿನ ಮೊತ್ತ, ಕೈಗೆ ಸಿಗುವ ಸಂಬಳ, ಆಯ್ಕೆಯಾದ ಬಗೆ. ಶಿಫಾರಸು ಪತ್ರ ಬಂದಿದ್ದರೆ ಅದರ ಪ್ರತಿಯೂ ಪಕ್ಕದಲ್ಲೇ ಇರಲಿ.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ವಿದ್ಯಾನಗರ, ಮಂಡ್ಯ