ಗುಳೆ ಹೋಗುವವರ ಮಕ್ಕಳಿಗೆ ಶಾಲೆ ಎಲ್ಲಿ? ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಹಳ್ಳಿ, ತಾಂಡಾಗಳಿಂದ ಕ್ರೂಸರ್ ಜೀಪುಗಳು ಜನರನ್ನು ತುಂಬಿಕೊಂಡು ಕೂಲಿಗಾಗಿ ಬೆಂಗಳೂರು, ಪುಣೆ, ಮುಂಬೈ ಕಡೆಗೆ ಹೊರಡುವುದು ತಮಗೆ ಹೊಸ ಸುದ್ದಿಯೇನಲ್ಲ. ಈ ಜಿಲ್ಲೆಯಲ್ಲಿ ಶಿಕ್ಷಕನಾಗಿದ್ದು ನಿವೃತ್ತನಾದ ನಾನು, ಒಂದೇ ಮನೆಯ ಮೂರು ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬರೆದವನು. ಹೊರಡುವ ಹಿಂದಿನ ದಿನ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಪಾಟಿಚೀಲದ ಪುಸ್ತಕಗಳನ್ನೆಲ್ಲ ನನ್ನ ಮೇಜಿನ ಮೇಲಿಟ್ಟಳು. ಚೀಲಕ್ಕೆ ತಮ್ಮನ ಬಟ್ಟೆ ತುಂಬಬೇಕಿತ್ತು. ಅವ್ವ ಇಟ್ಟಿಗೆ ಹೊರುವಾಗ ಆ ತಮ್ಮನನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ.

ಅನ್ನ, ಅಕ್ಷರ, ಆರೈಕೆ ಈ ಮೂರನ್ನೂ ಕುಟುಂಬವೊಂದೇ ನಿಭಾಯಿಸಲಾರದೆಂದೇ ಪಡಿತರ ಅಂಗಡಿ, ಶಾಲೆ, ಅಂಗನವಾಡಿಗಳು ಹುಟ್ಟಿದವು. ಆದರೆ ಇವೆಲ್ಲ ಊರಲ್ಲೇ ನೆಲೆ ನಿಂತವರನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದವು. ಪಡಿತರವಾದರೂ ಈಗ ಒಂದು ದೇಶ, ಒಂದು ಪಡಿತರ ಚೀಟಿಯಿಂದಾಗಿ ಕುಟುಂಬದ ಬೆನ್ನುಹತ್ತಿ ಹೋಗುತ್ತದೆ, ಶಾಲೆ ಹೋಗುವುದಿಲ್ಲ. ಮಗು ಬೇರೆ ಶಾಲೆಗೆ ಸೇರುವುದಾದರೆ ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ನಿಜ. ಆದರೆ ಮರಾಠಿ ಶಾಲೆಯ ಬಾಗಿಲಲ್ಲಿ ನಿಂತ ಕನ್ನಡದ, ಲಂಬಾಣಿ ಮಾತಿನ ಮಗುವಿಗೆ ಆ ಕಾಯ್ದೆಯನ್ನು ಓದಿ ಹೇಳುವವರು ಯಾರು?

ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಭಾಗವೂ ಸೇರಿದ 7 ಜಿಲ್ಲೆಗಳಲ್ಲಿ. (ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲಿ ಯಾರನ್ನೂ ಯಾವ ಊರೆಂದು ಕೇಳುವುದಿಲ್ಲ, ನಮ್ಮ ಅಕ್ಷರ ದಾಸೋಹಕ್ಕೆ ಮಾತ್ರ ಹಾಜರಿ ಬೇಕು, ಗುಳೆ ಹೋದ ಮಗುವಿಗೆ ಆ ಊಟವೂ ತಪ್ಪುತ್ತದೆ.)

ಗುಳೆಯನ್ನು ನಿಲ್ಲಿಸಿರೆಂದು ನಾನು ಕೇಳುತ್ತಿಲ್ಲ, ಸಾಕಷ್ಟು ಕೂಲಿಯೇ ಸಿಗದ ಊರಲ್ಲಿ ಅವರನ್ನು ಹಿಡಿದಿಡುವ ಅಧಿಕಾರ ನಮಗಿಲ್ಲ. ಮಕ್ಕಳು ಇಲ್ಲೇ ಉಳಿಯುವಂತೆ ಋತುಮಾನದ ವಸತಿ ನಿಲಯಗಳನ್ನು, ಕ್ರೂಸರ್ ಬಂದು ನಿಂತ ಮೇಲಲ್ಲ, ದಸರೆಗೆ ಮುಂಚೆಯೇ ತೆರೆಯಿಸಿ. ಹೆಣ್ಣುಮಕ್ಕಳನ್ನು ನಂಬಿ ಬಿಟ್ಟುಹೋಗಲು ಅಲ್ಲಿ ಮಹಿಳಾ ವಾರ್ಡನ್ ಇರಲಿ. ಇಲ್ಲೇ ಕೂಲಿಗೆ ಹೋಗುವ ತಾಯಂದಿರಿಗಾಗಿ, 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ಕೂಸಿನ ಮನೆಗಳಲ್ಲಿ (ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ) ನಮ್ಮ ಜಿಲ್ಲೆಯವು ದಿನವಿಡೀ ನಡೆಯುತ್ತಿವೆಯೇ ಎಂದು ಒಮ್ಮೆ ಖುದ್ದು ನೋಡಿಬನ್ನಿ. ಅದೇ ವರ್ಷ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಲವೂ ನಮಗಿದೆ. ರಸ್ತೆ, ಕಟ್ಟಡಗಳಿಗೆ ಹೋಗುವ ಹಣದಲ್ಲಿ ಒಂದು ಸಣ್ಣ ಪಾಲು ಈ ನಿಲಯಗಳ ಅಡುಗೆಮನೆಗೂ ಬರಲಿ.

ಆ ಹುಡುಗಿ ಬಿಟ್ಟುಹೋದ ಪುಸ್ತಕಗಳನ್ನು ಯುಗಾದಿಯವರೆಗೆ ಶಾಲೆಯ ಕಪಾಟಿನಲ್ಲಿಟ್ಟಿದ್ದೆ. ಅವಳು ಬಂದದ್ದು ಮೇ ತಿಂಗಳಲ್ಲಿ, ಶಾಲೆಗೆ ರಜೆ ಬಿದ್ದ ಮೇಲೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಯಾದಗಿರಿ ಜಿಲ್ಲೆ