ಗೇರುಬೀಜ ಹಡಗು ಹತ್ತಿದ್ರೆ ಕೆಲಸಾನೂ ಜೊತೆಗೇ ಹೋಗತ್ತೆ

ಮಾನ್ಯ ಸಂಪಾದಕರೇ,

ಆಫ್ರಿಕಾ ಅಂದ್ರೆ ನಮ್ಮ ಪೇಪರ್‌ಗಳಲ್ಲಿ ಬರ, ದಂಗೆ, ಸೇನೆ ಅಧಿಕಾರ ಹಿಡೀತು ಅನ್ನೋ ಸುದ್ದಿನೇ ಜಾಸ್ತಿ. 2021ರ ಜನವರಿ 1ರಿಂದ ಅಲ್ಲಿ ಇಡೀ ಖಂಡಕ್ಕೇ ಒಂದು ಮುಕ್ತ ವ್ಯಾಪಾರ ಒಪ್ಪಂದದ (ಅಂದ್ರೆ ಒಬ್ಬರ ಸಾಮಾನಿಗೆ ಇನ್ನೊಬ್ಬರು ಸುಂಕ ಇಳಿಸೋ ಒಪ್ಪಂದ) ಅಡಿಯಲ್ಲಿ ಅಧಿಕೃತವಾಗಿ ವಹಿವಾಟು ಶುರುವಾಗಿದೆ, ಅದರ ಬಗ್ಗೆ ಓದಿದ್ದು ತುಂಬಾ ಕಮ್ಮಿ, ಅದಕ್ಕೇ ಈ ಪತ್ರ. 2018ರ ಮಾರ್ಚ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ 44 ದೇಶಗಳು ಸಹಿ ಹಾಕಿದ್ವು, ಆಮೇಲೆ ಎರಿಟ್ರಿಯಾ ಒಂದನ್ನ ಬಿಟ್ಟು ಆಫ್ರಿಕನ್ ಯೂನಿಯನ್ನಿನ ಉಳಿದ ಎಲ್ಲಾ ದೇಶಗಳೂ ಸೇರ್ಕೊಂಡ್ವು.

ಇದು ಯಾಕೆ ಮುಖ್ಯ ಅಂದ್ರೆ ಗೇರುಬೀಜಾನೇ ನೋಡಿ. ಜಗತ್ತಲ್ಲಿ ಅತಿ ಹೆಚ್ಚು ಗೇರುಬೀಜ ಬೆಳೆಯೋದು ಐವರಿ ಕೋಸ್ಟ್, ಆದ್ರೆ ಅದರಲ್ಲಿ ದೊಡ್ಡ ಪಾಲು ಸಿಪ್ಪೆ ಸಮೇತ ಹಡಗು ಹತ್ತಿ ವಿಯೆಟ್ನಾಂಗೋ ನಮ್ಮ ದೇಶಕ್ಕೋ ಬರತ್ತೆ, ಬೇಯಿಸೋದು, ಒಡೆಯೋದು, ಸಿಪ್ಪೆ ಬಿಡಿಸೋದು, ಗ್ರೇಡ್ ಮಾಡೋದು, ಪ್ಯಾಕ್ ಮಾಡೋದು ಅಂತ ನೂರಾರು ಕೈಗೆ ಕೆಲಸ ಕೊಡೋ ಭಾಗ ಏನಿದೆಯೋ ಅದೆಲ್ಲಾ ಸಮುದ್ರದ ಈಚೆಗೇ ಆಗತ್ತೆ. ಅದೇ ಪಶ್ಚಿಮ ಆಫ್ರಿಕಾದ ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಗೇರುಬೀಜ ರಫ್ತಿಗೆ ನಿಷೇಧ ಹಾಕಿ, ಗ್ಲೋ-ಜಿಗ್ಬೆ ಅನ್ನೋ ಕಡೆ ಇಂಡಸ್ಟ್ರಿಯಲ್ ಏರಿಯಾ ಮಾಡಿ, ಗೇರು, ಹತ್ತಿ ಎರಡನ್ನೂ ಅಲ್ಲೇ ಸಂಸ್ಕರಿಸೋಕೆ ಹೊರಟಿದೆ. ಇದು ಸರಿಯಾದ ದಾರಿ ಅಂತ ನನಗನ್ಸತ್ತೆ. ಆದ್ರೆ ಬೆನಿನ್ ಜನಸಂಖ್ಯೆ ಸುಮಾರು ಒಂದೂವರೆ ಕೋಟಿ ಅಷ್ಟೇ, ನೂಲಿನ ಮಿಲ್ ಹಾಕಿ ಬಟ್ಟೆ ತಯಾರಿಸಿದ್ರೆ ಅಷ್ಟನ್ನೂ ಅಲ್ಲೇ ಮಾರೋಕಾಗಲ್ಲ, ಮಿಲ್ ಫುಲ್ ಕೆಪಾಸಿಟಿಲಿ ಓಡ್ಬೇಕು ಅಂದ್ರೆ 20 ಕೋಟಿಗೂ ಜಾಸ್ತಿ ಜನ ಇರೋ ಪಕ್ಕದ ನೈಜೀರಿಯಾದ ಮಾರ್ಕೆಟ್ ಬೇಕೇ ಬೇಕು.

ಕಷ್ಟ ಇರೋದೂ ಅಲ್ಲೇ. ನೈಜೀರಿಯಾ, ಬೆನಿನ್ ಎರಡೂ 2019ರ ಜುಲೈನಲ್ಲಿ ಒಟ್ಟಿಗೇ ಈ ಒಪ್ಪಂದಕ್ಕೆ ಸಹಿ ಹಾಕಿದ್ವು, ಮುಂದಿನ ತಿಂಗಳೇ ನೈಜೀರಿಯಾ ತನ್ನ ಭೂಗಡಿ ಮುಚ್ಚಿಬಿಡ್ತು! ಅಕ್ಕಿ ಕಳ್ಳಸಾಗಣೆ ತಡೀಬೇಕು ಅಂತ ಕಾರಣ ಕೊಟ್ರು, ತಮ್ಮ ರೈತರನ್ನ ಕಾಪಾಡೋದು ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಗಡಿ ತೆರೆದದ್ದು 2020ರ ಡಿಸೆಂಬರ್‌ಗೆ. ಅಷ್ಟು ತಿಂಗಳು ಗೇಟು ಮುಚ್ಚಿದ್ರೆ ಸಣ್ಣ ಫ್ಯಾಕ್ಟರಿ ಇಟ್ಕೊಂಡೋರು ಸಂಬಳ ಎಲ್ಲಿಂದ ಕೊಡ್ಬೇಕು?

ಆಫ್ರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಲೆಕ್ಕದಲ್ಲಿ ಅಲ್ಲಿ ವರ್ಷಕ್ಕೆ 1ರಿಂದ 1.2 ಕೋಟಿ ಯುವಕ ಯುವತಿಯರು ದುಡಿಯೋ ವಯಸ್ಸಿಗೆ ಬರ್ತಾರೆ, ಪಿಎಫ್ಫು ಪೇಸ್ಲಿಪ್ಪು ತರದ ಭದ್ರತೆ ಇರೋ ಕೆಲಸ ಹುಟ್ಟೋದು ಸುಮಾರು 30 ಲಕ್ಷ ಮಾತ್ರ. ಅದಿರು, ಕಚ್ಚಾ ತೈಲ ತೆಗೆದು ಹೊರಗೆ ಕಳಿಸಿದ್ರೆ ಈ ಅಂತರ ತುಂಬಲ್ಲ, ಗಣಿಲಿ ಮೆಷಿನ್ನೇ ಕೆಲಸ ಮಾಡತ್ತೆ. ಆಫ್ರಿಕಾದ ದೇಶಗಳು ಹೊರಗಿನವರಿಗೆ ಮಾರೋದು ಹೆಚ್ಚಾಗಿ ಕಚ್ಚಾ ಮಾಲು, ತಮ್ಮತಮ್ಮಲ್ಲೇ ಮಾರ್ಕೊಳ್ಳೋದ್ರಲ್ಲಿ ಫ್ಯಾಕ್ಟರಿ ಸಾಮಾನಿನ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ. ಹೊಸ ಒಪ್ಪಂದದ ಅಡಿಯಲ್ಲಿ ಮೊದಮೊದಲು ಗಡಿ ದಾಟಿದ ಸಾಮಾನುಗಳಲ್ಲಿ ಕೆನ್ಯಾದಲ್ಲಿ ತಯಾರಾದ ಬ್ಯಾಟರಿನೂ ಒಂದು, ಅದು 2022ರಲ್ಲಿ ಘಾನಾಕ್ಕೆ ಹೋಯ್ತು. ಸಣ್ಣ ಶುರು ಇರ್ಬಹುದು, ಆದ್ರೆ ಬ್ಯಾಟರಿ ತಯಾರಿಕೆಲಿ ಎಲೆಕ್ಟ್ರಿಷಿಯನ್, ಮೆಕ್ಯಾನಿಕ್, ಲಾರಿ ಡ್ರೈವರ್, ಅಕೌಂಟೆಂಟ್ ಎಲ್ಲರಿಗೂ ಜಾಗ ಇದೆ.

ಒಂದು ವಿಷ್ಯ ಮಾತ್ರ ಬಿಗಿ ಇರ್ಲೇಬೇಕು, ಯಾವ ಸಾಮಾನು ಅಲ್ಲೇ ತಯಾರಾದದ್ದು ಅನ್ನೋ ನಿಯಮ. ಹೊರಗಿಂದ ರೆಡಿ ಬಟ್ಟೆ ತರಿಸಿ, ಲೇಬಲ್ ಬದಲಾಯಿಸಿ ಸುಂಕ ಇಲ್ದೆ ಪಕ್ಕದ ದೇಶಕ್ಕೆ ತಳ್ಳೋ ಹಾಗಾದ್ರೆ ಲಾಭ ವ್ಯಾಪಾರಿಗೆ, ಹೊಲಿಗೆ ಕಲಿತ ಹುಡುಗಿಗೆ ಏನೂ ಸಿಗಲ್ಲ. ಬಟ್ಟೆ ಮತ್ತು ಕಾರುಗಳ ವಿಷಯದಲ್ಲಿ ಈ ಮಾತುಕತೆ ವರ್ಷಗಟ್ಟಲೆ ಎಳೀತು, ಎಳೆದ್ರೂ ಪರವಾಗಿಲ್ಲ, ಸಡಿಲ ಆಗೋದು ಬೇಡ.

ದಯವಿಟ್ಟು ನಿಮ್ಮ ವಿದೇಶ ಪುಟದಲ್ಲಿ ಇಂಥ ಸುದ್ದಿಗೂ ಒಂದು ಕಾಲಂ ಕೊಡಿ.

ಇತಿ,
ನಿಮ್ಮ ಓದುಗ